ಎದುರು ಮೇಳದ ದನಿ

(ಒಬ್ಬರು ಕೊಪ್ಪಳದವರು, ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ ಕೇಳುವವರು. ಇನ್ನೊಬ್ಬರು ಕುಷ್ಟಗಿ ಸೀಮೆಯಲ್ಲಿ ಮೊಹರಂ ಪದ ಹಾಡುವ ರಿವಾಯತ್ ಮೇಳವೊಂದರ ಹಾಡುಗಾರರು. ಮೊಹರಂ ರಾತ್ರಿಯೊಂದರಲ್ಲಿ ಹಾಡುಗಾರರ ಗುರುಗಳ ಮೇಳ ಹಾಡಿದ್ದನ್ನು ಎಂಬತ್ತರ ದಶಕದಲ್ಲಿ ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದರು. ಅದು ಈಗ ಸಿಕ್ಕಿದೆ. ಇಬ್ಬರೂ ಕೂತು ಕೇಳಿದ ಮೇಲೆ ಬೆಳೆದ ಮಾತು ಇದು.)

ಹಾಡುಗಾರ: ನೀವು ಮಾತೆತ್ತಿದ್ರ ಐರ್ಲೆಂಡ್ ಅಂತೀರಿ. ಆ ದೇಶದ ಹಾಡಿಕಿಗೂ ನಮ್ಮ ಗುರುಗಳ ಈ ಕ್ಯಾಸೆಟ್ಟಿಗೂ ಏನ್ ಸಂಬಂಧ ಐತ್ರಿ? ಮೊದಲ ಅದನ್ನ ಬಿಡಿಸಿ ಹೇಳ್ರಿ.

ಕೇಳುಗ: ಡಬ್ಲಿನ್ ನಗರದಲ್ಲಿ 1962ರಲ್ಲಿ ಪ್ಯಾಡಿ ಮೊಲೋನಿ ಎಂಬ ಪೈಪ್ ವಾದಕ ಜೊತೆಗಾರರನ್ನು ಕೂಡಿಸಿ ಚೀಫ್ಟನ್ಸ್ ಎಂಬ ಮೇಳ ಕಟ್ಟಿದ. ಕ್ಲಾಡಾ ಎಂಬ ಸಣ್ಣ ಕಂಪನಿ ಅವರ ಮೊದಲ ರೆಕಾರ್ಡ್ ತಂದಿತು. ಆಗ ಅವರು ಹಗಲು ನೌಕರಿ ಮಾಡಿ ಸಂಜೆ ಬಾರಿಸುತ್ತಿದ್ದ ಜನ. ಸಂಗೀತವೇ ಹೊಟ್ಟೆಪಾಡಾದದ್ದು ಎಪ್ಪತ್ತರ ದಶಕದ ನಡುವೆ. ಮುಂದೆ ಅವರು ಜಗತ್ತಿನ ದೊಡ್ಡ ದೊಡ್ಡ ಗಾಯಕರ ಜೊತೆ ಬಾರಿಸಿದರು, ದೇಶ ದೇಶ ತಿರುಗಿದರು. ಆದರೆ ಆ ಮೊದಲ ರೆಕಾರ್ಡಿನಲ್ಲಿ ಇರುವುದು ಪೈಪು, ತಗಡಿನ ಪೀಪಿ, ಕೊಳಲು, ಪಿಟೀಲು, ಆಡಿನ ಚರ್ಮದ ಬೋರಾನ್, ಇಂಥ ವಾದ್ಯಗಳು. ಅದನ್ನು ಕೇಳಿದಾಗಲೇ ನನಗೆ ನಮ್ಮ ಹಲಗೆ ನೆನಪಾಯಿತು. ನಮ್ಮ ಕೊಪ್ಪಳ ಸೀಮೆಯ ಮೇಳಗಳ ಮೊದಲ ಧ್ವನಿಮುದ್ರಣ ಎಲ್ಲಿದೆ ಎಂದು ಹುಡುಕಲು ಹೊರಟದ್ದು ಆಮೇಲೆ.

ಹಾಡುಗಾರ: ಎಲ್ಲಿ ಸಿಕ್ತು?

ಕೇಳುಗ: ಅಂಗಡಿಯಲ್ಲಿ ಸಿಗಲಿಲ್ಲ. ಗ್ರಾಮಫೋನ್ ಕಾಲದಲ್ಲಿ ಕಂಪನಿಗಳಿಗೆ ಬೇಕಾದದ್ದು ನಾಟಕದ ಹಾಡು, ಸಿನಿಮಾ ಹಾಡು, ಹಿಂದೂಸ್ತಾನಿ ಚೀಜು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದರು. ಅಂಥವರನ್ನೇ ನಾವು ಮರೆತಿದ್ದೆವು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆಯವರು ಅವರ ಬದುಕನ್ನು ಹುಡುಕಿ ಪುಸ್ತಕ ಬರೆದ ಮೇಲೆ ನಮ್ಮಲ್ಲಿ ಅನೇಕರು ಆ ರೆಕಾರ್ಡುಗಳನ್ನು ಮತ್ತೆ ಕೇಳಿದರು. ಇನ್ನು ಹಳ್ಳಿಯ ಮೇಳದ ಪಾಡೇನು? ಹತ್ತು ಇಂಚಿನ ರೆಕಾರ್ಡಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ.

ಹಾಡುಗಾರ: ಮೂರು ನಿಮಿಷದಾಗ ನಾವು ಗೆಜ್ಜಿ ಕಟ್ಟೂದೂ ಮುಗಿಯೂದಿಲ್ರಿ. ಮೊದಲ ಅಲಾಯಿ ದೇವರಿಗೆ ಸಲಾಂ ಸಲ್ಲಿಸಬೇಕು, ಗುರುವಿನ ನೆನಿಬೇಕು, ಕೂಡಿದ ದೈವಕ್ಕ ಶರಣು ಅನ್ನಬೇಕು. ಆಮ್ಯಾಲ ಪದ. ಕರ್ಬಲಾದ ಕತಿ ಹಿಡಿದ್ರ ಒಂದು ಪದಾನ ಅರ್ಧ ತಾಸು ನಡಿತೈತಿ. ಮುಮ್ಮೇಳದವ ಒಂದು ನುಡಿ ಎತ್ತಬೇಕು, ಹಿಮ್ಮೇಳ ಹೊಡಮರಳಿ ಹೇಳಬೇಕು, ಹೆಜ್ಜಿ ಒಂದು ಸುತ್ತು ಬರಬೇಕು. ಹೆಜ್ಜಿ ಬಿಟ್ಟು ಪದ ಇಲ್ಲ.

ಕೇಳುಗ: ಅದಕ್ಕೇ ನಿಮ್ಮ ಹಾಡಿಕೆ ಕ್ಯಾಸೆಟ್ಟು ಬರುವವರೆಗೆ ಯಂತ್ರಕ್ಕೆ ಸಿಗಲಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟು ತಂದಿತು. ಎಪ್ಪತ್ತರ ದಶಕದ ಕೊನೆಗೆ ಅದು ನಮ್ಮ ಹಳ್ಳಿಗಳಿಗೂ ಬಂತು. ಅರವತ್ತು ನಿಮಿಷದ ಕ್ಯಾಸೆಟ್ಟು ಮಗ್ಗುಲಿಗೆ ಅರ್ಧ ತಾಸು, ತೊಂಬತ್ತರದ್ದು ಮುಕ್ಕಾಲು ತಾಸು. ದುಬೈಗೋ ಸೌದಿಗೋ ದುಡಿಯಲು ಹೋದವರು ಟೇಪ್ ರೆಕಾರ್ಡರ್ ತಂದರು. ದೊಡ್ಡ ಕಂಪನಿಯ ಅಪ್ಪಣೆ ಇಲ್ಲದೆ ಊರಿನ ಹಾಡನ್ನು ಊರಿನವರೇ ಹಿಡಿದಿಡುವ ಕಾಲ ಅದು. ಪೀಟರ್ ಮ್ಯಾನುಯೆಲ್ ಎಂಬ ವಿದ್ವಾಂಸ 1993ರಲ್ಲಿ ಉತ್ತರ ಭಾರತದ ಕ್ಯಾಸೆಟ್ ಯುಗದ ಬಗ್ಗೆಯೇ ಒಂದು ಪುಸ್ತಕ ಬರೆದ. ನಮ್ಮ ಗಂಗಾವತಿ, ಯಲಬುರ್ಗಾ, ಕುಷ್ಟಗಿಗಳಲ್ಲಿ ನಡೆದದ್ದೂ ಅದೇ. ನಮ್ಮ ಮೇಳಗಳ ಮೊದಲ ಧ್ವನಿಮುದ್ರಣಗಳು ಇರುವುದು ಟ್ರಂಕಿನಲ್ಲಿ, ಮಾಡದಲ್ಲಿ, ಅಟ್ಟದ ಮೇಲೆ.

ಹಾಡುಗಾರ: ಈ ಕ್ಯಾಸೆಟ್ಟೂ ಟ್ರಂಕಿನಾಗ ಇತ್ತು. ಒಂದು ಮಾತು ಕೇಳ್ತೀನ್ರಿ. ಇದರೊಳಗ ಗುರುಗಳ ದನಿ ಐತಿ, ಖರೆ. ಆದ್ರ ನೀವು ಇದನ್ನ ಕೇಳಿ ‘ರಿವಾಯತ್ ಅಂದ್ರ ಹಿಂಗ’ ಅಂತ ಬರದಿಟ್ರ ನನಗ ಒಪ್ಪಿಗಿ ಇಲ್ಲ.

ಕೇಳುಗ: ಯಾಕೆ?

ಹಾಡುಗಾರ: ಎರಡನೇ ಮಗ್ಗುಲ ಕಡೀ ಭಾಗ ಮತ್ತೊಮ್ಮಿ ಹಚ್ಚರಿ. ಏನ್ ಅನಸ್ತೈತಿ?

ಕೇಳುಗ: ಲಯ ಏರುತ್ತಾ ಹೋಗುತ್ತದೆ. ದನಿಯೂ ಏರುತ್ತದೆ. ಬೆಳಗಿನ ಜಾವ ಅಲಾಯಿ ದೇವರು ಹೊಳೆಗೆ ಹೋಗುವ ಹೊತ್ತು ಹತ್ತಿರ ಬಂದಾಗ ಹಾಗೆ ಏರಿಸಿ ಹಾಡುವುದು ಪದ್ಧತಿಯೇ ಎಂದು ಕೇಳಬೇಕೆಂದಿದ್ದೆ.

ಹಾಡುಗಾರ: ಪದ್ಧತಿ ಅಲ್ಲ. ಬೆಳಕು ಹರಿಯೋ ಹೊತ್ತಿಗೆ ನಾವು ಇಳಿಸಿ ಹಾಡತೀವಿ. ದುಃಖದ ಪದ ಅದು, ಓಡಿಸಿ ಹಾಡಿದ್ರ ಕೆಡತೈತಿ. ನೀವು ದನಿ ಕೇಳಬ್ಯಾಡ್ರಿ, ಗೆಜ್ಜಿ ಕೇಳ್ರಿ. ಶುರುವಿನಾಗ ಗೆಜ್ಜಿ ನಾದ ದಪ್ಪ ಐತಿ. ಕಡೀಕ ಸಣ್ಣಗ ಆಗೈತಿ. ಹುರುಪು ಬಂದ್ರ ಮನಷ್ಯಾ ದನಿ ಏರಿಸ್ತಾನ. ಕಂಚಿನ ಗೆಜ್ಜಿ ಹೆಂಗ ದನಿ ಏರಿಸ್ತೈತಿ?

ಕೇಳುಗ: ಹೌದಲ್ಲ! ಹಾಗಾದರೆ ಇದು ಸೆಲ್ಲಿನ ಕೆಲಸ. ಓಡಿ ಓಡಿ ಸೆಲ್ಲು ಸೋತಿದೆ. ರೆಕಾರ್ಡ್ ಆಗುವಾಗ ಟೇಪು ನಿಧಾನಕ್ಕೆ ಸರಿದಿದೆ. ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲವೂ ಬೇಗ, ಎಲ್ಲವೂ ಸಣ್ಣ ದನಿ. ಮೊದಲ ಹತ್ತು ನಿಮಿಷದ ಗೆಜ್ಜೆಯ ಸ್ವರ ಹಿಡಿದು, ಕೊನೆಯ ಭಾಗದ ಗೆಜ್ಜೆ ಅದಕ್ಕೆ ಕೂಡುವವರೆಗೆ ವೇಗ ಇಳಿಸಿದರೆ ಗುರುಗಳ ನಿಜವಾದ ಕಾಲ ಸಿಗುತ್ತದೆ.

ಹಾಡುಗಾರ: ಸಿಗತೈತಿ. ಆದ್ರ ಆ ಗೆಜ್ಜಿ ಕಟ್ಟಿದ ಕಾಲು ಗೊತ್ತಿದ್ದವರು ನಿಮ್ಮ ಬಾಜೂಕ ಕುಂತಾಗ ಮಾತ್ರ.

ಕೇಳುಗ: ಐರ್ಲೆಂಡಿನವರೂ ಇದೇ ಪಾಠ ಕಲಿಯಬೇಕಾಯಿತು. ಮೈಕೆಲ್ ಕೋಲ್ಮನ್ ಎಂಬ ಪಿಟೀಲುಗಾರ ಸ್ಲೈಗೋ ಸೀಮೆಯ ಹಳ್ಳಿಯವನು. 1914ರಲ್ಲಿ ಅಮೆರಿಕಕ್ಕೆ ಹೋದ. 1920ರ ದಶಕದಲ್ಲಿ ನ್ಯೂಯಾರ್ಕಿನ ಕಂಪನಿಗಳು ಅವನ ರೆಕಾರ್ಡು ತಂದವು. ಅವು ಹಡಗು ಹತ್ತಿ ಐರ್ಲೆಂಡಿಗೆ ವಾಪಸು ಬಂದವು. ಹಳ್ಳಿ ಹಳ್ಳಿಯ ಪಿಟೀಲುಗಾರರು ಅವನ್ನು ಕೇಳಿ ಕೇಳಿ ಕಲಿತರು. ಹಳೆಯ ಸಂಗೀತಕ್ಕೆ ಮರ್ಯಾದೆ ಬಂತು, ಕಲಿಯುವ ಹುಡುಗರು ಹೆಚ್ಚಿದರು. ಅದರ ಜೊತೆಗೇ ಒಂದು ನಷ್ಟವೂ ಆಯಿತು. ಸ್ಲೈಗೋ ಧಾಟಿಯೇ ಸರಿಯಾದ ಧಾಟಿ ಎಂಬ ಭಾವನೆ ಬೆಳೆದು ಬೇರೆ ಸೀಮೆಗಳ ಧಾಟಿಗಳು ಹಿಂದೆ ಸರಿದವು. ಇನ್ನೊಂದು ಸಂಗತಿ. ಕಂಪನಿಯವರು ಕೋಲ್ಮನ್ನನ ಪಕ್ಕದಲ್ಲಿ ಪಿಯಾನೋ ನುಡಿಸುವವರನ್ನು ಕೂರಿಸುತ್ತಿದ್ದರು. ಅವರಲ್ಲಿ ಕೆಲವರಿಗೆ ಆ ಧಾಟಿಗಳ ಪರಿಚಯವೇ ಇರಲಿಲ್ಲ. ಪಿಟೀಲು ಒಂದು ಕಡೆ, ಪಿಯಾನೋ ಇನ್ನೊಂದು ಕಡೆ. ರೆಕಾರ್ಡಿನಲ್ಲಿ ಎರಡೂ ಉಳಿದುಬಿಟ್ಟವು.

ಹಾಡುಗಾರ: ಊರ ಮ್ಯಾಳಕ್ಕ ಬ್ಯಾರೆ ಊರಿನ ಗೊತ್ತಿಲ್ಲದ ಪೇಟಿಯವನ್ನ ಕರದು ಕುಂದ್ರಿಸಿದಂಗ.

ಕೇಳುಗ: ಪೇಟಿಯ ವಿಷಯ ನೀವೇ ತೆಗೆದಿರಿ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧಿಸಿತ್ತು. ಪರದೇಶದ ವಾದ್ಯ, ನಮ್ಮ ಗಮಕಗಳು ಅದರಲ್ಲಿ ಬರುವುದಿಲ್ಲ ಎಂಬುದು ಅವರ ವಾದ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ, ಈ ನಿಷೇಧದ ನಡುವೆಯೇ. ಅತ್ತ ನಮ್ಮ ಹಳ್ಳಿಗಳಲ್ಲಿ ಭಜನೆ ಮೇಳ, ದೊಡ್ಡಾಟ, ಕಂಪನಿ ನಾಟಕ ಎಲ್ಲದರಲ್ಲೂ ಪೇಟಿಯೇ ಮುಂದು. ಆ ಕಾಲದ ಬಾನುಲಿ ಮುದ್ರಣ ಕೇಳಿ, ನಮ್ಮ ಭಜನೆಗಳಲ್ಲಿ ಪೇಟಿ ಆಮೇಲೆ ಬಂತು ಎಂದು ಯಾರಾದರೂ ಬರೆದರೆ ಚರಿತ್ರೆಯೇ ತಿರುಗುಮುರುಗು. ಹಾಡಿದವರ ಮನೆಯಲ್ಲಿ ಏನಿತ್ತು, ಹಿಡಿದವರ ಕೋಣೆಯಲ್ಲಿ ಏನನ್ನು ಬಿಟ್ಟರು, ಎರಡನ್ನೂ ಗಮನಿಸಬೇಕು.

ಹಾಡುಗಾರ: ನಮ್ಮ ಭಾಗಕ್ಕ ಧಾರವಾಡ ಆಗಿನ ಕಾಲಕ್ಕ ಹತ್ರಾನೂ ಅಲ್ಲ ನೋಡ್ರಿ. ನಾವು ನಿಜಾಮನ ಸೀಮಿಯವರು.

ಕೇಳುಗ: ಹೌದು. 1948ರ ಸೆಪ್ಟೆಂಬರಿನವರೆಗೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಲ್ಲ ಹೈದರಾಬಾದು ಸಂಸ್ಥಾನದಲ್ಲೇ ಇದ್ದವು. 1956ರವರೆಗೂ ಹೈದರಾಬಾದು ರಾಜ್ಯ. ಆಮೇಲೆ ರಾಯಚೂರು ಜಿಲ್ಲೆಯ ಮೂಲೆ. ಕೊಪ್ಪಳ ಬೇರೆ ಜಿಲ್ಲೆಯಾದದ್ದು ತೊಂಬತ್ತರ ದಶಕದ ಕೊನೆಗೆ. ಮೈಸೂರಿನವರಿಗೆ, ಮುಂಬಯಿ ಪ್ರಾಂತದವರಿಗೆ ಕನ್ನಡದ ಸಂಘ ಸಂಸ್ಥೆಗಳು ಬಂದ ಕಾಲಕ್ಕೆ ನಮಗೆ ಬರಲಿಲ್ಲ. ಹಾಡು ಹಿಡಿಯುವವರೂ ತಡವಾಗಿ ಬಂದರು. ಅದಕ್ಕೇ ಮನೆಯ ಟ್ರಂಕಿನ ಕ್ಯಾಸೆಟ್ಟಿಗೆ ಇಷ್ಟು ಬೆಲೆ.

ಹಾಡುಗಾರ: ತಡವಾಗಿ ಬಂದ್ರೂ ದೊಡ್ಡ ಕೆಲಸ ಮಾಡಿದವರು ಅದಾರಲ್ರಿ. ದರೋಜಿ ಈರಮ್ಮನವರ ಕುಮಾರರಾಮನ ಕತಿ ಪುಸ್ತಕ ಆಗಲಿಲ್ಲೇನು?

ಕೇಳುಗ: ಆಯಿತು, ಅದು ನಮ್ಮ ನೆಲದ ಕತೆಯೇ. ಗಂಗಾವತಿ ಹತ್ತಿರದ ಕುಮ್ಮಟದುರ್ಗದ ಕುಮಾರರಾಮ. ಕಂಪಿಲಿ ರಾಜ್ಯ ದಿಲ್ಲಿ ಸೈನ್ಯಕ್ಕೆ ಸೋತದ್ದು 1327ರಲ್ಲಿ. ಅಷ್ಟು ಶತಮಾನ ಆ ಕತೆಯನ್ನು ಜನ ಬಾಯಿಂದ ಬಾಯಿಗೆ ತಂದರು. ಬುಡ್ಗ ಜಂಗಮ ಸಮುದಾಯದ ಈರಮ್ಮನವರು ಓದು ಬರಹ ಕಲಿತವರಲ್ಲ. ಹಲವು ಮಹಾಕಾವ್ಯಗಳು ಅವರಿಗೆ ಬಾಯಿಪಾಠ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಂದ ಹಾಡಿಸಿ, ಬರೆದುಕೊಂಡು, ಅಚ್ಚು ಹಾಕಿ, ನಾಡೋಜ ಗೌರವವನ್ನೂ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಆ ಕೆಲಸ ಆಗದೇ ಹೋಗಿದ್ದರೆ ಎಷ್ಟು ಸಾವಿರ ಸಾಲು ಅವರ ಜೊತೆಗೇ ಹೋಗುತ್ತಿದ್ದವು!

ಹಾಡುಗಾರ: ಪುಸ್ತಕ ನಾನೂ ನೋಡೀನಿ. ದೊಡ್ಡ ಉಪಕಾರ ಅದು. ಆದ್ರ ಓದೂ ಮುಂದ ನನಗ ಒಂದು ಕೊರತಿ ಅನಸ್ತೈತಿ. ಈರಮ್ಮನವರು ಎಲ್ಲಿ ನಿಂತರು, ಎಲ್ಲಿ ಉಸುರು ಹಿಡದ್ರು, ಹಿಮ್ಮೇಳ ಎಲ್ಲಿ ಬಡಿತ ಬದಲಿಸ್ತು, ಅದು ಹಾಳಿ ಮ್ಯಾಲ ಬರಂಗಿಲ್ಲ. ನಮ್ಮ ಮ್ಯಾಳದಾಗೂ ಹಾಡಿನ ವಹಿ ಐತಿ. ಗುರುಗಳು ತಮ್ಮ ಕೈಲೆ ಬರದಿದ್ದು. ವಹಿ ಇದ್ದವರಿಗೆಲ್ಲಾ ಹಾಡು ಬರಂಗಿದ್ರ ಗುರು ಯಾಕ ಬೇಕಿತ್ತು?

ಕೇಳುಗ: ಅದಕ್ಕೇ ಪುಸ್ತಕದ ಜೊತೆ ಧ್ವನಿಯೂ ಬೇಕು, ಧ್ವನಿಯ ಜೊತೆ ನೀವೂ ಬೇಕು. ಕೊಪ್ಪಳ ತಾಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ. ತೊಗಲುಗೊಂಬೆ ಎಂದರೆ ಜನ ಗೊಂಬೆಯ ಚಿತ್ರ ತೆಗೆಯುತ್ತಾರೆ. ಪರದೆಯ ಹಿಂದಿನ ಹಾಡನ್ನು, ಮಾತಿನ ಓಟವನ್ನು ಕೇಳಿಸಿಕೊಳ್ಳುವವರು ಕಡಿಮೆ. ಗೊಂಬೆ ಮ್ಯೂಸಿಯಂನಲ್ಲಿ ಉಳಿಯುತ್ತದೆ. ಅದನ್ನು ಕುಣಿಸುವ ದನಿ ಉಳಿಯಬೇಕಾದರೆ ಯಾರಾದರೂ ಪಕ್ಕದಲ್ಲಿ ಕೂತು ಕೇಳಬೇಕು, ಹಿಡಿಯಬೇಕು, ಮನೆಯವರಿಗೇ ಒಂದು ಪ್ರತಿ ಕೊಡಬೇಕು.

ಹಾಡುಗಾರ: ಮನಿಯವರಿಗೆ ಪ್ರತಿ ಕೊಡೂದು. ಅದು ಎಷ್ಟು ಮಂದಿ ಮಾಡತಾರ?

ಕೇಳುಗ: ಮಾಡಿದವರಿದ್ದಾರೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಹಾಡು ಕುಣಿತಗಳನ್ನು ಧ್ವನಿಮುದ್ರಣ ಮಾಡಿದ, ಚಲನಚಿತ್ರವನ್ನೂ ತೆಗೆದ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವನ್ನು ಹಿಡಿದುಕೊಂಡು ತಮಿಳುನಾಡು, ಕೇರಳ, ಕರ್ನಾಟಕದ ಅದೇ ಜಾಗಗಳಿಗೆ ಮತ್ತೆ ಹೋದರು. ಹಾಡಿದವರನ್ನು, ಅವರ ಮಕ್ಕಳನ್ನು ಹುಡುಕಿ ಕೇಳಿಸಿದರು, ಏನು ಉಳಿದಿದೆ ಏನು ಬದಲಾಗಿದೆ ಎಂದು ಅವರಿಂದಲೇ ತಿಳಿದರು. ಹುಡುಕಿ ತೆಗೆಯುವುದು ಅರ್ಧ ಕೆಲಸ, ವಾಪಸು ಒಯ್ದು ಕೇಳಿಸುವುದು ಉಳಿದ ಅರ್ಧ ಎಂದು ನಾನು ಕಲಿತದ್ದು ಅವರಿಂದ. ಇಲ್ಲವಾದರೆ ನಮ್ಮ ಗೆಜ್ಜೆಯ ಗುಟ್ಟು ಯಾವ ಸಂಗ್ರಹಾಲಯದಲ್ಲಿ ಬಯಲಾಗುತ್ತಿತ್ತು?

ಹಾಡುಗಾರ: ಹಂಗಾದ್ರ ಈ ಕ್ಯಾಸೆಟ್ಟಿನ ಉಳಿದರ್ಧದ ಮಾತು ಹೇಳ್ತೀನಿ. ಇದರಾಗ ನಿಮಗ ಎಷ್ಟು ಮ್ಯಾಳ ಕೇಳಿಸಿದ್ವು?

ಕೇಳುಗ: ಒಂದೇ. ಗುರುಗಳದ್ದು. ಪದ ಮುಗಿದ ತಕ್ಷಣ ಟಕ್ ಎಂದು ಶಬ್ದ, ಆಮೇಲೆ ಮುಂದಿನ ಪದ.

ಹಾಡುಗಾರ: ಆ ಟಕ್ ಅನ್ನೂದರಾಗ ಅರ್ಧ ರಾತ್ರಿ ಹೋಗೇತ್ರಿ. ನಮ್ಮದು ಸವಾಲ್ ಜವಾಬ್ ಹಾಡಿಕಿ. ಇತ್ಲಾಗಿನ ಮ್ಯಾಳ ಒಂದು ಪದ ಹಾಡಿ ಪ್ರಶ್ನಿ ಇಡತೈತಿ. ಎದುರು ಮ್ಯಾಳ ಅದನ್ನ ಒಡದು ಉತ್ತರ ಹಾಡಿ, ತಿರುಗಿ ತನ್ನ ಪ್ರಶ್ನಿ ಇಡತೈತಿ. ಉತ್ತರ ಬರಲಿಲ್ಲಂದ್ರ ಮರುವರ್ಷದ ತನಕ ಆ ಮಾತು ಊರಾಗ ಉಳಿತೈತಿ. ಟೇಪ್ ಇದ್ದವರು ನಮ್ಮ ಮ್ಯಾಳದ ಮಂದಿ. ಕ್ಯಾಸೆಟ್ ಒಂದ. ಅದು ತೀರಬಾರದು ಅಂತ ಎದುರು ಮ್ಯಾಳ ಹಾಡೂ ಮುಂದ ಬಂದ್ ಮಾಡ್ಯಾರ. ಹಿಂಗಾಗಿ ಇದರೊಳಗ ನಮ್ಮ ಸವಾಲ್ ಅದಾವ, ಅವರ ಜವಾಬ್ ಇಲ್ಲ. ನಡುವಿನ ಎರಡು ಪದ ಎದುರಿನವರಿಗೆ ಕೊಟ್ಟ ಉತ್ತರ, ಆದ್ರ ಅವರು ಕೇಳಿದ ಪ್ರಶ್ನಿನ ಇಲ್ಲ.

ಕೇಳುಗ: ಮೂರನೆಯ ಪದ ಇದ್ದಕ್ಕಿದ್ದಂತೆ ಬೇರೆ ದಿಕ್ಕಿಗೆ ಹೋಗುತ್ತದೆ ಎನಿಸಿದ್ದು ಅದಕ್ಕೇ. ಅದು ಉತ್ತರ!

ಹಾಡುಗಾರ: ಉತ್ತರಾನ. ಅದೂ ಗುರುಗಳು ಅಲ್ಲೇ ನಿಂತು ಹೊಸದಾಗಿ ಕಟ್ಟಿದ ನುಡಿ, ವಹಿಯಾಗ ಇಲ್ಲ. ಎದುರಿನವರು ಅಷ್ಟು ಗಟ್ಟಿ ಪ್ರಶ್ನಿ ಇಟ್ಟಿದ್ದಕ್ಕ ಗುರುಗಳ ಬಾಯಿಂದ ಅದು ಬಂತು. ಅವರನ್ನ ಬಿಟ್ಟು ಗುರುಗಳ ದೊಡ್ಡಸ್ತನಾನ ತಿಳಿಯಂಗಿಲ್ಲ.

ಕೇಳುಗ: ಎದುರು ಮೇಳ ಯಾವ ಕಡೆಯದು?

ಹಾಡುಗಾರ: ಯಲಬುರ್ಗಾ ಕಡೀದು. ಅವರ ಧಾಟಿನ ಬ್ಯಾರೆ. ನಮ್ಮದು ಮುದಗಲ್ಲ ಕಡಿಂದ ಬಂದ ಗತ್ತು. ಅಲ್ಲಿ ಮೊಹರಂ ಅಂದ್ರ ಸುತ್ತಿನ ಜಿಲ್ಲಾ ಎಲ್ಲಾ ಕೂಡತೈತಿ, ಗುರುಗಳು ವರ್ಷಾ ಹೋಗತಿದ್ರು. ಯಲಬುರ್ಗಾದವರು ಹೆಜ್ಜಿ ಸಾವಕಾಶ ಇಡತಾರ, ನುಡಿ ಉದ್ದ ಎಳಿತಾರ. ಎರಡೂ ಮ್ಯಾಳದಾಗ ಹಿಂದೂ ಮಂದಿನೂ ಅದಾರ, ಮುಸಲರೂ ಅದಾರ. ನಮ್ಮ ಗುರುಗಳು ಲಿಂಗಾಯತರು. ಅವರಿಗೆ ಕಲಿಸಿದವರು ಮುಸಲರು.

ಕೇಳುಗ: ಹಾಗಾದರೆ ಈ ಒಂದೇ ಕ್ಯಾಸೆಟ್ಟನ್ನು ಹೊರಗೆ ಬಿಟ್ಟು, ಹುಡುಗರೆಲ್ಲ ಮೊಬೈಲಿನಲ್ಲಿ ಕೇಳಿ ಕಲಿತರೆ ಕೋಲ್ಮನ್ನನ ರೆಕಾರ್ಡಿನಿಂದ ಐರ್ಲೆಂಡಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಮುದಗಲ್ಲಿನ ಗತ್ತೇ ರಿವಾಯತ್ ಎಂದಾಗುತ್ತದೆ. ಯಲಬುರ್ಗಾದ ಉದ್ದ ನುಡಿ ಯಾರಿಗೂ ಗೊತ್ತಾಗದೆ ಹೋಗುತ್ತದೆ. ಅದೂ ಸೋತ ಸೆಲ್ಲಿನ ವೇಗದಲ್ಲಿ ಕಲಿತರೆ ದುಃಖದ ಪದವೂ ಓಟದ ಪದವಾಗುತ್ತದೆ.

ಹಾಡುಗಾರ: ಅದಕ್ಕ ನಾ ಮೊದಲ ಒಪ್ಪಿಗಿ ಇಲ್ಲ ಅಂದದ್ದು. ಮುಚ್ಚಿಡ್ರಿ ಅಂತ ಅಲ್ಲ. ಅರ್ಧಾನ ಪೂರಾ ಅಂತ ಕೊಡಬ್ಯಾಡ್ರಿ.

ಕೇಳುಗ: ಕೆಲಸವನ್ನು ಹೀಗೆ ಹಂಚಿಕೊಳ್ಳೋಣ. ಯಂತ್ರದ ಕೆಲಸ ನನಗಿರಲಿ. ಕ್ಯಾಸೆಟ್ಟಿನ ಒತ್ತುಪಟ್ಟಿಯ ಉಣ್ಣೆ ಉದುರಿದೆ, ಸುರುಳಿಯನ್ನು ಬೇರೆ ಕವಚಕ್ಕೆ ಹಾಕಬೇಕು. ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಈ ಟೇಪಿಗೆ ಹೊಂದುವಂತೆ ಅದರ ಕೋನ ತಿರುಗಿಸಬೇಕು. ಇಲ್ಲದಿದ್ದರೆ ಗೆಜ್ಜೆಯ ಸಣ್ಣ ನಾದವೇ ಮಂಕಾಗುತ್ತದೆ. ಮೊದಲ ಪ್ರತಿಯನ್ನು ಇದ್ದದ್ದು ಇದ್ದ ಹಾಗೆ, ಗದ್ದಲ ತೆಗೆಯದೆ, ವೇಗ ತಿದ್ದದೆ, 24 ಬಿಟ್‌ನ ಫೈಲಾಗಿ ಇಡಬೇಕು. ತಿದ್ದಿದ ಪ್ರತಿ ಬೇರೆ ಇರಲಿ, ಏನು ತಿದ್ದಿದೆವು ಎಂಬುದು ಅದರ ಜೊತೆಗೇ ಇರಲಿ.

ಹಾಡುಗಾರ: ಗದ್ದಲ ತಗಿಬ್ಯಾಡ್ರಿ ಅನ್ನೂದು ನನಗೂ ಬೇಕಾದ ಮಾತು. ಅದರಾಗ ಒಬ್ಬಾಕಿ ಮುದುಕಿ ‘ಹಾಯ್ ಹಾಯ್’ ಅಂತಾಳ ನೋಡ್ರಿ, ಅದು ಗದ್ದಲ ಅಲ್ಲ, ಪದ ಮುಟ್ಟೇತಿ ಅನ್ನೂದರ ಸಾಕ್ಷಿ. ಕೇಳುವವರು ದನಿ ಕೊಟ್ರನ ನಮಗ ಮುಂದಿನ ನುಡಿ ಬರತೈತಿ.

ಕೇಳುಗ: ಅದು ಹಾಗೆಯೇ ಇರುತ್ತದೆ. ಆದರೆ ಹಾಡಿದವರ ಮನೆಯವರ ಒಪ್ಪಿಗೆ ನೀವು ಕೇಳಬೇಕು. ಯಾವ ಪದ ಹೊರಗೆ ಹೋಗಬಹುದು, ಯಾವುದು ಹಬ್ಬದ ರಾತ್ರಿಗೆ ಮಾತ್ರ ಮೀಸಲು ಎಂದು ಗುರುತು ಹಾಕಬೇಕಾದವರು ನೀವು. ಸವಾಲಿನ ಪದಗಳನ್ನು ಎದುರು ಮೇಳಕ್ಕೆ ಸಿಗದಂತೆ ಕಾಯ್ದುಕೊಂಡು ಬಂದಿದ್ದೀರಿ. ಅದನ್ನು ನಾನು ಯಾರಿಗೋ ಕಳಿಸಿಬಿಡುವುದು ತಪ್ಪು.

ಹಾಡುಗಾರ: ಗುರುಗಳು ಹೋದ ಮ್ಯಾಲ ಆ ಗುಟ್ಟು ಯಾರಿಂದ ಕಾಯೂದ್ರಿ? ಎದುರು ಮ್ಯಾಳದಾಗ ಆ ರಾತ್ರಿ ಹಾಡಿದವರೊಳಗ ಇಬ್ಬರು ಇನ್ನೂ ಅದಾರ. ಒಬ್ಬರಿಗೆ ಹೆಜ್ಜಿ ಹಾಕಾಕ ಆಗೂದಿಲ್ಲ, ದನಿ ಐತಿ. ಈ ಕ್ಯಾಸೆಟ್ ಮೊದಲ ಅವರ ಮುಂದ ಹಚ್ಚೂಣು. ನಮ್ಮ ಗುರುಗಳ ಸವಾಲ್ ಕೇಳಿದ್ರ ಅವರು ಸುಮ್ಮನ ಕುಂದ್ರುವವರಲ್ಲ, ಜವಾಬ್ ಹಾಡಿ ತೀರತಾರ. ನಿಮ್ಮ ಯಂತ್ರ ತಯಾರ ಇರಲಿ.

ಕೇಳುಗ: ಅವರ ಕಡೆಯವರೂ ಆ ರಾತ್ರಿ ಟೇಪ್ ಇಟ್ಟಿದ್ದರೆ?

ಹಾಡುಗಾರ: ಇಟ್ಟಿದ್ರ ಅವರೂ ನಮ್ಮ ಪದಕ್ಕ ಬಂದ್ ಮಾಡಿ, ತಮ್ಮದಷ್ಟ ಹಿಡದಿರ್ತಾರ. ಆ ಕ್ಯಾಸೆಟ್ ಸಿಕ್ರ ಎರಡೂ ಕೂಡಿಸಿದಾಗ ಅವತ್ತಿನ ಹಾಡಿಕಿ ಪೂರಾ ಆಗತೈತಿ. ಸಿಗದಿದ್ರ ಅವರ ಬಾಯಿಂದ ಹಾಡಿಸೂಣು. ಆಮ್ಯಾಲ ಗಂಗಾವತಿ, ಕೊಪ್ಪಳ ಕಡೀ ಮ್ಯಾಳದವರನ್ನೂ ಕರಿಬೇಕು. ನಾಕೂ ಕಡೀ ಧಾಟಿ ಒಂದ ಕಡೆ ಕೇಳಿದ ಹುಡುಗರು ತಮಗ ಬೇಕಾದ್ದನ್ನ ಕಲೀಲಿ. ಯಾರದೂ ಕಡಿಮಿ ಅಲ್ಲ ಅನ್ನೂದು ಅವರಿಗೆ ಗೊತ್ತಿರಲಿ.

ಕೇಳುಗ: ಪಟ್ಟಿಯಲ್ಲಿ ಮೊದಲ ಹೆಸರು ಯಾರದು ಬರೆಯಲಿ? ಗುರುಗಳದ್ದೇ?

ಹಾಡುಗಾರ: ಎದುರು ಮ್ಯಾಳದ್ದು ಮೊದಲ ಬರೀರಿ. ಅವತ್ತು ಬಂದ್ ಮಾಡಿದ್ದು ನಾವು, ಇವತ್ತು ಮೊದಲ ಹಾಡೋ ಪಾಳಿ ಅವರದು.